ಹತ್ತು ಶಾಸನ, ಹತ್ತೂ ಪೂರ್ತಿ: ಎಂಟನೇ ವಾರಕ್ಕೆ ಪ್ರಾಜೆಕ್ಟ್ ಎಲ್ಲಿರಬೇಕು?

‘ಎಲ್ಲಾ ಆಗೇತ್ರಿ ಸರ, ಬರೀ ವೆಬ್‌ಸೈಟಿಗೆ ಏರಿಸೂದು ಒಂದೈತಿ.’

ಕೊಪ್ಪಳದ ಕಡೆ ವಿದ್ಯಾರ್ಥಿ ತಂಡಗಳ ಪ್ರಾಜೆಕ್ಟ್ ನೋಡಲು ಕೂತಾಗಲೆಲ್ಲ ನನಗೆ ಸಿಗುವ ಉತ್ತರ ಇದು. ಲ್ಯಾಪ್‌ಟಾಪ್ ತೆರೆಸಿದರೆ ಮುನ್ನೂರು ಫೋಟೊ, ಅದರಲ್ಲಿ ಅರ್ಧ ತಂಡದವರ ಸೆಲ್ಫಿ. ಜೊತೆಗೊಂದು ಬಣ್ಣಬಣ್ಣದ ಮುಖಪುಟ. ಯಾವುದಾದರೂ ಒಂದು ಶಾಸನದ ಪೂರ್ತಿ ವಿವರ ತೋರಿಸಿ ಎಂದರೆ ಐವರೂ ಒಬ್ಬರ ಮುಖ ಒಬ್ಬರು ನೋಡುತ್ತಾರೆ.

ಹದಿನಾರು ವಾರದ ಸೆಮಿಸ್ಟರು, 8ನೇ ವಾರಕ್ಕೆ ಪರಿಶೀಲನೆ, ವಿಷಯ ಕುಕನೂರು–ಇಟಗಿ ಸುತ್ತಿನ ಶಾಸನಗಳ ಡಿಜಿಟಲ್ ನಕ್ಷೆ ಎಂದಿಟ್ಟುಕೊಳ್ಳಿ. ಆ ಹೊತ್ತಿಗೆ ನಾನು ಕೇಳುವುದು ಹತ್ತೇ ಶಾಸನ. ಆದರೆ ಹತ್ತಕ್ಕೂ ಫೋಟೊ, ಪಠ್ಯ, ಕಾಲ, ಜಾಗ, ಆಧಾರ ಎಲ್ಲ ತುಂಬಿರಬೇಕು. ನಕ್ಷೆಯ ಚುಕ್ಕೆ ಒತ್ತಿದರೆ ಅವೆಲ್ಲ ತೆರೆದುಕೊಳ್ಳಬೇಕು. ನಲವತ್ತು ಶಾಸನದ ಅರೆಬರೆ ಪಟ್ಟಿಗೆ ನನ್ನಲ್ಲಿ ಅಂಕವಿಲ್ಲ. ಹತ್ತು ಮುಗಿಸಿದವರಿಗೆ ಒಂದು ಶಾಸನಕ್ಕೆ ಎಷ್ಟು ಗಂಟೆ ಹಿಡಿಯುತ್ತದೆ ಎಂಬುದು ಗೊತ್ತಿರುತ್ತದೆ. ಉಳಿದ ಎಂಟು ವಾರದಲ್ಲಿ ಇನ್ನೆಷ್ಟು ಆದೀತು ಎಂದು ಅವರು ಲೆಕ್ಕ ಹೇಳಬಲ್ಲರು. ನಲವತ್ತರ ತಂಡ ದೇವರ ಮೇಲೆ ಭಾರ ಹಾಕುತ್ತದೆ.

ಒಂದನೇ ಹೆಜ್ಜೆ: ಪ್ರಶ್ನೆ

‘ಕೊಪ್ಪಳ ಜಿಲ್ಲೆಯ ಇತಿಹಾಸ’ ಬೇಡ. ‘ಯಾವ ದೇವಸ್ಥಾನಕ್ಕೆ ಎಷ್ಟು ಮತ್ತರು (ಶಾಸನಗಳಲ್ಲಿ ಬರುವ ಹಳೆಯ ಭೂಅಳತೆ) ಭೂಮಿ ದಾನ ಬಂತು’ ಎಂಬಷ್ಟು ಕಿರಿದಾಗಿರಲಿ. ಇದು ಎರಡನೇ ವಾರದಲ್ಲೇ ಮುಗಿಯಬೇಕಾದ ಮಾತು.

ಎರಡನೇ ಹೆಜ್ಜೆ: ಫೋಟೊ

ಬೆಳಗಿನ ಅಥವಾ ಇಳಿಹೊತ್ತಿನ ಓರೆ ಬಿಸಿಲಲ್ಲಿ ತೆಗೆಯಿರಿ, ಅಕ್ಷರದ ನೆರಳು ಬೀಳುತ್ತದೆ. ನಡು ಮಧ್ಯಾಹ್ನ ಹೋದರೆ ಬರೀ ಕಲ್ಲು ಬರುತ್ತದೆ. ಅಕ್ಷರ ಎದ್ದು ಕಾಣಲಿ ಎಂದು ಸೀಮೆಸುಣ್ಣ, ಹಿಟ್ಟು ಬಳಿಯುವವರನ್ನು ನಾನು ತಂಡದಿಂದಲೇ ಹೊರಗಿಡುತ್ತೇನೆ. ಫೋಟೊದ ಮೇಲೆಯೇ ವಿಳಾಸ, ತಾರೀಕು ಅಚ್ಚೊತ್ತುವ ಜಿಪಿಎಸ್ ಕ್ಯಾಮೆರಾ ಆ್ಯಪ್‌ಗಳೂ ಬೇಡ, ಕೆಳಗಿನ ಎರಡು ಸಾಲು ಶಾಸನ ಅದರಡಿ ಮುಚ್ಚಿಹೋಗುತ್ತದೆ. ವಾಟ್ಸ್ಆ್ಯಪ್‌ನಲ್ಲಿ ಫೋಟೊ ಆಗಿ ಕಳಿಸಿದರೆ ಗಾತ್ರ ಕುಗ್ಗುತ್ತದೆ, ಚಿತ್ರದೊಳಗಿನ ಸ್ಥಳದ ಮಾಹಿತಿಯೂ ಅಳಿಸಿಹೋಗುತ್ತದೆ. ಕಳಿಸಲೇಬೇಕಾದರೆ ಡಾಕ್ಯುಮೆಂಟ್ ಆಗಿ ಕಳಿಸಿ.

ಮೂರನೇ ಹೆಜ್ಜೆ: ಪಟ್ಟಿ. ಎಡವುವುದು ಇಲ್ಲೇ

ವೆಬ್‌ಸೈಟು, ನಕ್ಷೆ ಎಲ್ಲವೂ ನಿಲ್ಲುವುದು ಒಂದು ಸಾದಾ ಸ್ಪ್ರೆಡ್‌ಶೀಟಿನ ಮೇಲೆ. ಒಂದು ಸಾಲಿಗೆ ಒಂದು ಶಾಸನ, ಒಂದು ಕಾಲಂಗೆ ಒಂದೇ ಸಂಗತಿ. ‘ಇಟಗಿ, 1112, ವಿಕ್ರಮಾದಿತ್ಯ’ ಎಂದು ಮೂರನ್ನೂ ಒಂದೇ ಮನೆಯಲ್ಲಿ ತುರುಕಿದರೆ ಆಮೇಲೆ ಯಾವ ಕಂಪ್ಯೂಟರೂ ಬಿಡಿಸಿಕೊಡುವುದಿಲ್ಲ.

ಮೊದಲು ಅಕ್ಷರದ ಕಾಟ. ಒಂದು ತಂಡದ ಪಟ್ಟಿಯಲ್ಲಿ ‘ನಂದನ’ ಎಂಬ ಸಂವತ್ಸರ ಹುಡುಕಿದೆ. ಕಣ್ಣೆದುರೇ ನಾಲ್ಕು ಕಡೆ ಇದೆ, ಕಂಪ್ಯೂಟರ್ ಮಾತ್ರ ಇಲ್ಲ ಎನ್ನುತ್ತಿದೆ. ಟೈಪ್ ಮಾಡಿದ ಹುಡುಗ ಅನುಸ್ವಾರದ ಬದಲು ಕನ್ನಡದ ಸೊನ್ನೆ ಒತ್ತಿದ್ದ. ‘ನಂದನ’ ಮತ್ತು ‘ನ೦ದನ’ ಕಣ್ಣಿಗೆ ಹೆಚ್ಚುಕಡಿಮೆ ಒಂದೇ, ಯಂತ್ರಕ್ಕೆ ಬೇರೆ ಬೇರೆ. ಎಲ್ಲ ಸೊನ್ನೆಯನ್ನೂ ಒಟ್ಟಿಗೆ ಅನುಸ್ವಾರವಾಗಿ ಬದಲಾಯಿಸಲು ಹೋದರೆ ಕನ್ನಡ ಅಂಕಿಯಲ್ಲಿ ಬರೆದ ಇಸವಿಗಳೆಲ್ಲ ಕೆಟ್ಟವು. ಅದಕ್ಕೇ ಪಟ್ಟಿಯಲ್ಲಿ ಅಂಕಿಗಳು 1, 2, 3 ಎಂದೇ ಇರಲಿ ಎಂದು ನಾನು ಹಟ ಹಿಡಿಯುವುದು. ಹಳೆಯ ನುಡಿ ಫಾಂಟಿನಲ್ಲಿ ಹೊಡೆದ ಪಠ್ಯವನ್ನು ಯೂನಿಕೋಡಿಗೆ (ಎಲ್ಲ ಕಂಪ್ಯೂಟರಿಗೂ ಒಂದೇ ಆದ ಅಕ್ಷರ ಸಂಕೇತಕ್ಕೆ) ಪರಿವರ್ತಿಸಿದ ಮೇಲೂ ಸಾಲುಸಾಲಾಗಿ ಓದಿ ನೋಡಬೇಕು, ಅರ್ಕಾವತ್ತು ಎಲ್ಲೆಲ್ಲೋ ಹೋಗಿ ಕೂತಿರುತ್ತದೆ. ಶಾಸನದಲ್ಲಿ ಹಳಗನ್ನಡದ ಱ, ೞ ಇದ್ದರೆ ಅವನ್ನೇ ಬರೆಯಿರಿ; ರ, ಳ ಮಾಡಿ ‘ಸರಿಪಡಿಸ’ಬೇಡಿ. ಯೂನಿಕೋಡ್ ಪಟ್ಟಿಯಲ್ಲಿ ಈ ೞಕ್ಕೆ ತಪ್ಪಾಗಿ ‘ಫ’ ಎಂಬ ಹೆಸರು ಬಿದ್ದಿದೆ. ಅಲ್ಲಿ ಹೆಸರು ಒಮ್ಮೆ ಬಿದ್ದರೆ ತಿದ್ದುವ ಪದ್ಧತಿಯಿಲ್ಲ. ಆ ಹೆಸರು ನೋಡಿ ಗಾಬರಿಯಾಗಬೇಡಿ, ಅಕ್ಷರ ಅದೇ.

ಇನ್ನು ಕಾಲ. ಶಕ ವರ್ಷಕ್ಕೆ 78 ಕೂಡಿಸಿದರೆ ಇಸವಿ ಬರುತ್ತದೆ ಎಂಬುದನ್ನು ಎಲ್ಲರೂ ಬಾಯಿಪಾಠ ಮಾಡಿರುತ್ತಾರೆ. ಆದರೆ ಮಾಘ, ಫಾಲ್ಗುಣದ ಶಾಸನವಾದರೆ ಹೊಸ ಇಸವಿ ಹುಟ್ಟಿರುತ್ತದೆ, 79 ಕೂಡಿಸಬೇಕು. ನಮ್ಮ ಭಾಗದಲ್ಲಿ ಇನ್ನೊಂದು ಗುಂಡಿ ಇದೆ. ಕಲ್ಯಾಣ ಚಾಲುಕ್ಯರ ದೊರೆ ಆರನೇ ವಿಕ್ರಮಾದಿತ್ಯ ತನ್ನದೇ ಶಕೆ ಶುರು ಮಾಡಿದ, ಅದರ ಮೊದಲ ವರ್ಷ 1076. ಆದ್ದರಿಂದ ಚಾಲುಕ್ಯ ವಿಕ್ರಮ ವರ್ಷಕ್ಕೆ ಕೂಡಿಸಬೇಕಾದ್ದು 1075. ಅವನ ದಂಡನಾಯಕ ಮಹಾದೇವ ಇಟಗಿಯಲ್ಲಿ ದೇವಾಲಯ ಕಟ್ಟಿಸಿದ್ದು 1112ರಲ್ಲಿ. ವಿಕ್ರಮ ವರ್ಷದ ಲೆಕ್ಕದಲ್ಲಿ ಅದು 37. ಒಂದು ತಂಡ ಕಣ್ಣು ಮುಚ್ಚಿ 78 ಕೂಡಿಸಿ ಕ್ರಿ.ಶ. 115 ಎಂದು ಬರೆದಿತ್ತು. ‘ದೇವಾಲಯ ಚಕ್ರವರ್ತಿ’ ಎಂದು ಶಾಸನ ಹೊಗಳಿದ ಗುಡಿ ಶಾತವಾಹನರ ಕಾಲಕ್ಕೆ ಹೋಗಿ ಬಿದ್ದಿತ್ತು!

ಹಾಗಾಗಿ ಸಂವತ್ಸರದ ಹೆಸರಿಗೆ ಬೇರೆ ಕಾಲಂ ಇಟ್ಟು ಅದರಿಂದ ತಾಳೆ ನೋಡಿ. ಅರವತ್ತು ವರ್ಷಕ್ಕೊಮ್ಮೆ ಅದೇ ಹೆಸರು ಬರುತ್ತದೆ. 2012ರ ಯುಗಾದಿಗೆ ಬಂದದ್ದು ನಂದನ. ಅಲ್ಲಿಂದ 900 ವರ್ಷ, ಅಂದರೆ ಹದಿನೈದು ಸುತ್ತು ಹಿಂದೆ ಹೋದರೆ 1112, ಅದೂ ನಂದನ. ಕ್ಯಾಲ್ಕುಲೇಟರೂ ಬೇಡದ ಲೆಕ್ಕ ಇದು. ಶಕ ವರ್ಷಕ್ಕೂ ಸಂವತ್ಸರಕ್ಕೂ ಒಂದು ವರ್ಷದ ವ್ಯತ್ಯಾಸ ಬಂದರೆ ಅಳಿಸಬೇಡಿ, ‘ಟಿಪ್ಪಣಿ’ ಕಾಲಂನಲ್ಲಿ ಬರೆದಿಡಿ. ಇಸವಿಯನ್ನು ಬರೀ ಸಂಖ್ಯೆಯಾಗಿ ಬರೆಯಿರಿ, ಎಕ್ಸೆಲ್‌ಗೆ 1900ಕ್ಕಿಂತ ಹಿಂದಿನ ತಾರೀಕು ಗೊತ್ತೇ ಇಲ್ಲ. ಅದೇ ಎಕ್ಸೆಲ್‌ನಲ್ಲಿ ಸಿಎಸ್‌ವಿ (ಪಟ್ಟಿಯನ್ನು ಸಾದಾ ಪಠ್ಯವಾಗಿ ಉಳಿಸಿದ) ಫೈಲನ್ನು ಡಬಲ್ ಕ್ಲಿಕ್ ಮಾಡಿ ತೆರೆದರೆ ಕನ್ನಡ ಎಷ್ಟೋ ಸಲ ಕಾಗೆ ಕಾಲು ಗುಬ್ಬಿ ಕಾಲಾಗುತ್ತದೆ. ಹಾಗೇ ಸೇವ್ ಮಾಡಿದಿರೋ, ಕೆಲಸ ಹೋಯಿತು. ಲಿಬ್ರೆ ಆಫೀಸ್ ಬಳಸಿ, ಪುಕ್ಕಟೆ.

ಊರಿನ ಹೆಸರೂ ಅಷ್ಟೇ. ಇಟಗಿ ಎಂಬ ಊರು ಬೆಳಗಾವಿ ಜಿಲ್ಲೆಯಲ್ಲೂ ಇದೆ. ಹಳೆಯ ಪುಸ್ತಕದಲ್ಲಿ ನಮ್ಮ ಇಟಗಿ ರಾಯಚೂರು ಜಿಲ್ಲೆ, ಯಲಬುರ್ಗಾ ತಾಲ್ಲೂಕು. ಈಗ ಕೊಪ್ಪಳ ಜಿಲ್ಲೆ, ಕುಕನೂರು ತಾಲ್ಲೂಕು. ಕೊಪ್ಪಳ ಜಿಲ್ಲೆಯಾದದ್ದೇ 1997ರಲ್ಲಿ. ಹಳೆಯದಕ್ಕೊಂದು, ಇಂದಿನದಕ್ಕೊಂದು ಕಾಲಂ ಇಡಿ. ಆಧಾರದ ಕಾಲಂನಲ್ಲಿ ಶಾಸನ ಅಚ್ಚಾದ ಪುಸ್ತಕದ ಸಂಪುಟ ಮತ್ತು ಶಾಸನ ಸಂಖ್ಯೆ ಎರಡೂ ಬೇಕು, ‘ಗೂಗಲ್’ ಎಂದು ಬರೆದರೆ ನಾನು ಹಾಳೆ ಮಗುಚುತ್ತೇನೆ. ಕೊಪ್ಪಳ ಊರಿನ ಶಾಸನಗಳನ್ನು 1935ರಲ್ಲೇ ಹೈದರಾಬಾದ್ ಸಂಸ್ಥಾನದವರು ಪ್ರಕಟಿಸಿದ್ದಾರೆ. ಬಳ್ಳಾರಿ ಕಡೆಯ ತಂಡವಾದರೆ ‘ಸೌತ್ ಇಂಡಿಯನ್ ಇನ್‌ಸ್ಕ್ರಿಪ್ಷನ್ಸ್’ 9ನೇ ಸಂಪುಟ ನೋಡಬೇಕು, ಅದು ಅಚ್ಚಾಗುವಾಗ ಬಳ್ಳಾರಿ ಮದ್ರಾಸ್ ಪ್ರಾಂತ್ಯದಲ್ಲಿತ್ತು. ಕಲ್ಲಿಗೆ ಫೋನ್ ಹಿಡಿದು ಆ್ಯಪ್‌ನಿಂದ ಹಳಗನ್ನಡ ಓದಿಸುವ ಆಸೆ ಬಿಡಿ.

ಇಷ್ಟೆಲ್ಲ ತೀರ್ಮಾನಗಳನ್ನು ಒಂದೇ ಪುಟದ ನಿಯಮದ ಹಾಳೆಯಾಗಿ ಬರೆದು ಪಟ್ಟಿಯ ಜೊತೆಗೇ ಇಡಿ. ಪರಿಶೀಲನೆಯ ದಿನ ನಾನು ಮೊದಲು ಕೇಳುವುದು ಅದನ್ನೇ.

ನಾಲ್ಕನೇ ಹೆಜ್ಜೆ: ನಕ್ಷೆ

ನಕ್ಷೆ ಮಾಡುವ ಪುಕ್ಕಟೆ ತಂತ್ರಾಂಶ ಕ್ಯೂಜಿಐಎಸ್ ಸಾಕು. ಅಕ್ಷಾಂಶ, ರೇಖಾಂಶ ಅದಲುಬದಲಾಗದಂತೆ ನೋಡಿಕೊಳ್ಳಿ. ಕೊಪ್ಪಳ ಉತ್ತರಕ್ಕೆ ಸುಮಾರು 15.35, ಪೂರ್ವಕ್ಕೆ 76.15. ತಿರುವು ಮುರುವಾದರೆ ನಿಮ್ಮ ಚುಕ್ಕೆಗಳೆಲ್ಲ ನಾರ್ವೆಯಾಚೆ, ಸ್ವಾಲ್ಬಾರ್ಡ್ ಹತ್ತಿರದ ಹಿಮದ ಸಮುದ್ರದಲ್ಲಿ ತೇಲುತ್ತವೆ.

ಐದನೇ ಹೆಜ್ಜೆ: ವೆಬ್‌ಸೈಟ್

8ನೇ ವಾರಕ್ಕೆ ಬಿಳಿ ಪುಟವೇ ಸಾಕು. ಬಣ್ಣ 14ನೇ ವಾರದ ಕೆಲಸ.

ಪರಿಶೀಲನೆಯ ದಿನ

ಯಾರು ಏನು ಮಾಡಿದಿರಿ ಎಂಬ ಅರ್ಧ ಪುಟ ತನ್ನಿ. ಬಿಟ್ಟುಹೋದದ್ದು, ಕೆಟ್ಟುಹೋದದ್ದು ಅದರಲ್ಲಿರಲಿ. ಓದಲಾಗದ ಸಾಲು, ಬೀಗ ಹಾಕಿದ್ದ ಗುಡಿ ಎಲ್ಲ ಬರೆಯಿರಿ, ಅಂಕ ಕಡಿಯುವುದಿಲ್ಲ. ಫೈಲುಗಳು ಇಬ್ಬರ ಯಂತ್ರದಲ್ಲಿ ಮತ್ತು ಒಂದು ಡ್ರೈವ್‌ನಲ್ಲಿ ಇರಬೇಕು. ಪೆನ್‌ಡ್ರೈವ್ ಒಂದನ್ನೇ ನಂಬಿ ಬಂದ ತಂಡ ಅದನ್ನು ಗಂಗಾವತಿ ಬಸ್ಸಿನಲ್ಲಿ ಬಿಟ್ಟು ಅಳುತ್ತಾ ನಿಂತದ್ದನ್ನು ನೋಡಿದ್ದೇನೆ.

ಕೊನೆಗೆ ನನ್ನದೊಂದು ಚಿಕ್ಕ ಪರೀಕ್ಷೆ. ತಂಡದಲ್ಲಿ ಪಟ್ಟಿಯನ್ನು ಮುಟ್ಟದೇ ಇದ್ದವರು ಯಾರು ಎಂದು ಕೇಳುತ್ತೇನೆ. ಬರೀ ಫೋಟೊ ತೆಗೆದ ಹುಡುಗಿಯೋ ಹುಡುಗನೋ ಇರುತ್ತಾರೆ. ಅವರ ಕೈಗೆ ನಿಯಮದ ಹಾಳೆ ಕೊಟ್ಟು ಹನ್ನೊಂದನೇ ಶಾಸನವನ್ನು ನನ್ನೆದುರೇ ತುಂಬಿಸುತ್ತೇನೆ. ಉಳಿದ ನಾಲ್ವರು ಬಾಯಿ ಬಿಡುವಂತಿಲ್ಲ. ಶಕ ವರ್ಷಕ್ಕೆ 78 ಕೂಡಿಸುವ ಮೊದಲು ‘ತಿಂಗಳು ಯಾವುದೈತ್ರಿ ಸರ?’ ಎಂದು ಅವರು ತಲೆಯೆತ್ತಿ ಕೇಳಿದರೆ ನಾನು ಪೆನ್ನಿನ ಮುಚ್ಚಳ ತೆಗೆಯುತ್ತೇನೆ.