ಟೈಪ್‌ರೈಟರ್, ರೊಟ್ಟಿ, ಯೂನಿಕೋಡ್

2010ರ ಆಗಸ್ಟ್ ತಿಂಗಳು. ಬೆಂಗಳೂರಿನ ಒಂದು ಪ್ರಕಾಶನದ ಆಫೀಸಿನಲ್ಲಿ ಇಂಟರ್‌ವ್ಯೂಗೆ ಕೂತಿದ್ದೆ. ನನಗಾಗ 34 ವರ್ಷ. ಎದುರಿಗಿದ್ದವರು ಅರ್ಜಿ ನೋಡಿ ಕೇಳಿದರು: "2001ರಿಂದ ಇಲ್ಲೀತನಕ ಏನ್ ಮಾಡ್ತಿದ್ರಿ?"

"ಮನೆಯಲ್ಲಿದ್ದೆ ಸರ್" ಅಂದೆ. ಅವರು ಆ ಜಾಗಕ್ಕೆ ಪೆನ್ನಿನಿಂದ ಒಂದು ಸುತ್ತು ಹಾಕಿದರು.

ನಾನು ಹೇಳಿದ್ದು ಸುಳ್ಳಲ್ಲ. ಆದರೆ ಅದೇ ಮನೆಯಿಂದ ನಾಲ್ಕು ವರ್ಷ ದಿನಕ್ಕೆ 300 ಜೋಳದ ರೊಟ್ಟಿ ಮಾರಿದ್ದೆ. ಇಬ್ಬರು ಹೆಂಗಸರಿಗೆ ವಾರವಾರ ಕೂಲಿ ಕೊಟ್ಟಿದ್ದೆ. ಅದನ್ನು ಕೆಲಸ ಅಂತ ಹೇಳಬಹುದು ಅಂತ ನನಗೇ ಹೊಳೆದಿರಲಿಲ್ಲ. ಅರ್ಜಿಯಲ್ಲಿ ಆ ಒಂಬತ್ತು ವರ್ಷ ಖಾಲಿ ಬಿಟ್ಟಿದ್ದೆ.

ಕೆಲಸ ಬದಲಾಯಿಸುವವರಿಗೆ, ಅದರಲ್ಲೂ ನಡುವೆ ವರ್ಷಗಟ್ಟಲೆ ಬಿಟ್ಟು ಮತ್ತೆ ಬರುವ ಹೆಣ್ಣುಮಕ್ಕಳಿಗೆ, ನನ್ನ ಲೆಕ್ಕ ಉಪಯೋಗಕ್ಕೆ ಬರಬಹುದು ಅಂತ ಇದನ್ನು ಬರೆಯುತ್ತಿದ್ದೇನೆ. ಲಾಭ ನಷ್ಟ ಎರಡನ್ನೂ ಹೇಳುತ್ತೇನೆ.

ನಮ್ಮೂರು ಗದಗ. ಅಪ್ಪ ಬೆಟಗೇರಿಯ ಒಂದು ಪ್ರೆಸ್ಸಿನಲ್ಲಿ ಮೊಳೆ, ಅಂದರೆ ಅಚ್ಚಿನ ಸೀಸದ ಅಕ್ಷರ, ಜೋಡಿಸುತ್ತಿದ್ದರು. ಗದಗ-ಬೆಟಗೇರಿಯಲ್ಲಿ ಆಗ ಎಲ್ಲಿ ನೋಡಿದರೂ ಪ್ರೆಸ್ಸು, ಇಲ್ಲಾ ಮಗ್ಗ. ಶಾಲೆ ಬಿಟ್ಟ ಮೇಲೆ ನಾನು ಅಲ್ಲಿಗೇ ಹೋಗುತ್ತಿದ್ದೆ. ಮೊಳೆಯ ಮೇಲೆ ಅಕ್ಷರ ಉಲ್ಟಾ ಇರುತ್ತದೆ. ಅಪ್ಪ ಅದನ್ನು ನಾವು ಪತ್ರಿಕೆ ಓದಿದಷ್ಟು ಸಲೀಸಾಗಿ ಓದುತ್ತಿದ್ದರು. ಪ್ರೂಫ್ ನೋಡೋದನ್ನು ಕಲಿಸುವಾಗ ಅವರು ಹೇಳಿದ್ದು ಒಂದೇ ಮಾತು: "ಅರ್ಥಕ್ಕ ಓದಬ್ಯಾಡವಾ, ಅಕ್ಷರಕ್ಕ ಓದು." ಅರ್ಥಕ್ಕೆ ಓದಿದರೆ ತಪ್ಪಿದ್ದ ಅಕ್ಷರವನ್ನೂ ಮನಸ್ಸು ತಾನೇ ಸರಿ ಮಾಡಿಕೊಂಡು ಮುಂದೆ ಹೋಗಿಬಿಡುತ್ತದೆ. ಒಂದೊಂದೇ ಅಕ್ಷರ ನಿಲ್ಲಿಸಿ ನೋಡಬೇಕು.

ಆಫ್‌ಸೆಟ್ ಮುದ್ರಣ ಬಂದು ಮೊಳೆಗಳು ಬೇಡವಾದ ಮೇಲೆ ಆ ಪ್ರೆಸ್ ಮುಚ್ಚಿತು. ಸೀಸದ ಮೊಳೆಗಳನ್ನು ಕಿಲೋ ಲೆಕ್ಕದಲ್ಲಿ ಮಾರಿದರು. ಅಪ್ಪ ಬೇರೆ ಕೆಲಸ ಹುಡುಕಲಿಲ್ಲ. ಐವತ್ತು ದಾಟಿತ್ತು, ಇನ್ನೇನು ಕಲಿಯೋದು ಅಂದರು. ಮನೆಯ ಕಟ್ಟೆಯ ಮೇಲೆ ಕೂತಿರುತ್ತಿದ್ದ ಅವರನ್ನು ನೋಡಿದ್ದು ನನ್ನ ಮೇಲೆ ಬಹಳ ಕೆಲಸ ಮಾಡಿದೆ. ಮುಂದೆ ಪ್ರತಿ ಸಲ ಹೊಸದು ಕಲಿಯಲು ಕೂತಾಗ ಆ ಕಟ್ಟೆ ಕಣ್ಣೆದುರು ಬರುತ್ತಿತ್ತು.

ಪಿಯುಸಿ ಫೇಲಾದೆ. ಟೈಪಿಂಗ್ ಕ್ಲಾಸಿಗೆ ಸೇರಿ ಕನ್ನಡ ಜೂನಿಯರ್, ಸೀನಿಯರ್ ಎರಡೂ ಪಾಸು ಮಾಡಿದೆ. ವಕೀಲರೊಬ್ಬರ ಹತ್ತಿರ ಎರಡು ವರ್ಷ ಅರ್ಜಿ, ವಕಾಲತ್ತು ಟೈಪ್ ಮಾಡಿದೆ. 1997ರಲ್ಲಿ ಹುಬ್ಬಳ್ಳಿಯ ಒಂದು ಡಿಟಿಪಿ ಅಂಗಡಿ, ಅಂದರೆ ಕಂಪ್ಯೂಟರಿನಲ್ಲಿ ಪುಟ ಜೋಡಿಸುವ ಅಂಗಡಿ, ಸೇರಿದೆ. ಅಲ್ಲಿನ ತಂತ್ರಾಂಶಗಳು ಪೇಜ್‌ಮೇಕರ್, ಶ್ರೀಲಿಪಿ. ಟೈಪ್‌ರೈಟರ್ ಕೀಲಿಮಣೆಯನ್ನೇ ಕಂಪ್ಯೂಟರಿನಲ್ಲೂ ಬಳಸಬಹುದಿತ್ತು, ಹಾಗಾಗಿ ಹೊಸದಾಗಿ ಏನೂ ಕಲಿಯದೆ ಕೆಲಸ ಸಿಕ್ಕಿತು. ಲಗ್ನಪತ್ರಿಕೆ, ಹ್ಯಾಂಡ್‌ಬಿಲ್, ಆಗಾಗ ಒಂದು ಕಥೆಯ ಪುಸ್ತಕ. ಬಟರ್ ಪೇಪರ್ ಮೇಲೆ ಪ್ರಿಂಟ್ ತೆಗೆದು ಆಫ್‌ಸೆಟ್‌ಗೆ ಕಳಿಸೋದು. ಇಷ್ಟಪಟ್ಟು ಮಾಡುತ್ತಿದ್ದೆ.

2001ರಲ್ಲಿ ಮದುವೆ. ಮಕ್ಕಳು. ಅತ್ತೆಗೆ ಲಕ್ವ ಹೊಡೆಯಿತು. ಹೊರಗೆ ಹೋಗುವ ಮಾತೇ ಇರಲಿಲ್ಲ. 2006ರಲ್ಲಿ ಕೈಯಲ್ಲಿ ಹಣ ಪೂರ್ತಿ ಕಡಿಮೆಯಾದಾಗ ಪಕ್ಕದ ಮನೆಯ ಅಕ್ಕ "ರೊಟ್ಟಿ ಬಡಿಯೋಣ ಬಾ" ಅಂದರು.

ಕಟಕ ರೊಟ್ಟಿ, ಅಂದರೆ ಗರಿಗರಿಯಾದ ಒಣ ರೊಟ್ಟಿ, ಮಾಡೋದು ಸುಮ್ನೆ ಅಲ್ಲ. ಜೋಳ ಹೊಸದಾಗಿ ಬೀಸಿದ್ದಿರಬೇಕು, ಹಳೆ ಹಿಟ್ಟು ಒಡೆಯುತ್ತದೆ. ಎಸರು ಕುದಿಯುವಾಗಲೇ ಹಿಟ್ಟಿಗೆ ಹಾಕಿ ನಾದಬೇಕು. ನಮಗೆ ಒಂದು ಕಿಲೋ ಹಿಟ್ಟಿಗೆ 20 ರೊಟ್ಟಿ ಬೀಳುತ್ತಿದ್ದವು. ದಿನಕ್ಕೆ 300 ಅಂದರೆ 15 ಕಿಲೋ ಹಿಟ್ಟು, ಬೆಳಗಿನ ನಾಲ್ಕರಿಂದ ಒಲೆ. ನಾಗರಪಂಚಮಿ ಹಿಂದಿನ ದಿನ ನಮ್ಮ ಕಡೆ ಮನೆಮನೆಗೆ ರೊಟ್ಟಿ ಹಂಚುತ್ತಾರೆ. ಆ ವಾರ 300 ಎಲ್ಲಿ ಸಾಕಾಗಬೇಕು? ಊರಿನ ಇನ್ನೂ ನಾಲ್ಕು ಹೆಂಗಸರನ್ನು ಸೇರಿಸಿಕೊಳ್ಳುತ್ತಿದ್ದೆವು.

ಬಡಿಯೋದಕ್ಕಿಂತ ಕಷ್ಟ ವಸೂಲಿ. ಒಂದು ಮೆಸ್ಸಿನವರು ಎರಡು ತಿಂಗಳ ದುಡ್ಡು ಉಳಿಸಿಕೊಂಡರು. ನಾನು ಸಂಕೋಚದಿಂದ ಕೇಳಲಿಲ್ಲ. ಕೂಲಿ ಕೊಡಲು ನನ್ನ ಬಳೆ ಅಡವಿಟ್ಟೆ. ಅವತ್ತೇ ಒಂದು ನಿಯಮ ಮಾಡಿಕೊಂಡೆ: ಎರಡು ವಾರದ ಬಾಕಿ ದಾಟಿದರೆ ಮೂರನೇ ವಾರ ರೊಟ್ಟಿ ಇಲ್ಲ. ಮುಂದೆ ಬಿಡಿಯಾಗಿ ಪ್ರೂಫ್ ಕೆಲಸ ಹಿಡಿದಾಗ ಇದೇ ನಿಯಮ ಇಟ್ಟುಕೊಂಡೆ. ಎರಡು ಫಾರಂ (ಒಟ್ಟಿಗೆ ಅಚ್ಚಾಗುವ ಪುಟಗಳ ಕಂತು) ನೋಡಿ ಕೊಟ್ಟ ಮೇಲೆ ಅಷ್ಟರ ದುಡ್ಡು ಬಂದರೆ ಮಾತ್ರ ಮೂರನೆಯದು. ಬೆಂಗಳೂರಿನ ಎಷ್ಟೋ ಒಳ್ಳೆಯ ಪ್ರೂಫ್ ರೀಡರ್‌ಗಳು ದುಡ್ಡು ಕಳೆದುಕೊಂಡಿದ್ದು ನೋಡಿದ್ದೇನೆ. ಅವರಿಗೆ ನನ್ನಷ್ಟೇ ಅಕ್ಷರ ಗೊತ್ತು. ಕೇಳೋದು ಮಾತ್ರ ಗೊತ್ತಿಲ್ಲ.

ಈಗ ಯಾರಾದರೂ ಆ ವರ್ಷಗಳ ಬಗ್ಗೆ ಕೇಳಿದರೆ ನನ್ನ ಉತ್ತರ ಬೇರೆ. "2006ರಿಂದ 2010ರವರೆಗೆ ಸ್ವಂತ ಆಹಾರ ವ್ಯಾಪಾರ. ದಿನಕ್ಕೆ 300 ರೊಟ್ಟಿ, ಇಬ್ಬರು ಕೆಲಸದವರು, ಆರು ಕಾಯಂ ಗಿರಾಕಿಗಳು. ಅದಕ್ಕೂ ಮೊದಲಿನ ವರ್ಷಗಳಲ್ಲಿ ಮಕ್ಕಳನ್ನೂ ಹಾಸಿಗೆ ಹಿಡಿದ ಅತ್ತೆಯನ್ನೂ ನೋಡಿಕೊಂಡೆ." ಇಷ್ಟೇ. ಮಾಡಿದ ಕೆಲಸವನ್ನು ಅಂಕಿ ಸಮೇತ ಹೇಳಿದರೆ ಎದುರಿನವರು ಮುಂದಿನ ಪ್ರಶ್ನೆ ಕೇಳುತ್ತಾರೆ. ಮನೆಯಲ್ಲಿದ್ದೆ ಅಂದರೆ ಪೆನ್ನು ತೆಗೆಯುತ್ತಾರೆ.

ಇರಲಿ, ಆ ಪ್ರಕಾಶನದ ಕೆಲಸ ಸಿಕ್ಕಿತು. ಮೂರು ತಿಂಗಳು ಅರ್ಧ ಸಂಬಳದ ಮೇಲೆ. ಯಾಕೆಂದರೆ ಅಷ್ಟರಲ್ಲಿ ಎಲ್ಲ ಬದಲಾಗಿತ್ತು. ಎಲ್ಲರೂ ಕನ್ನಡ ಟೈಪ್ ಮಾಡಲು "ನುಡಿ" ತಂತ್ರಾಂಶ ಬಳಸುತ್ತಿದ್ದರು. ಅದರ ಕೀಲಿಮಣೆ ಕೆ.ಪಿ. ರಾವ್ ಅವರು ರೂಪಿಸಿದ್ದು. ಅಲ್ಲಿ ಸದ್ದಿಗೆ ಟೈಪ್ ಮಾಡಬೇಕು: ಕೆ ಒತ್ತಿದರೆ ಕ, ನಡುವೆ ಎಫ್ ಒತ್ತಿದರೆ ಒತ್ತಕ್ಷರ. ನಾನು ಕಲಿತಿದ್ದು ಆಕಾರಕ್ಕೆ ಟೈಪ್ ಮಾಡೋದು. ಅಕ್ಷರದ ದೇಹ ಮೊದಲು, ತಲೆಕಟ್ಟು ಆಮೇಲೆ, ಒತ್ತು ಕೊನೆಗೆ. ಏನೂ ಗೊತ್ತಿಲ್ಲದ ಇಪ್ಪತ್ತರ ಹುಡುಗಿ ಒಂದು ವಾರದಲ್ಲಿ ಕಲಿತಳು. ನನಗೆ ಎರಡು ತಿಂಗಳು ಬೇಕಾಯಿತು. ಗೊತ್ತಿದ್ದದ್ದೇ ಅಡ್ಡ ಬರುತ್ತಿತ್ತು. ಮನಸ್ಸು "ಕ್ರ" ಅನ್ನುವಷ್ಟರಲ್ಲಿ ಬೆರಳು ಹಳೆ ಜಾಗಕ್ಕೆ ಹೋಗಿರುತ್ತಿತ್ತು. ಬಾತ್‌ರೂಮಿಗೆ ಹೋಗಿ ಅತ್ತದ್ದೂ ಇದೆ.

ಕೊನೆಗೆ ಕೈಹಿಡಿದ ಉಪಾಯ ಒಂದೇ. ಹಳೆಯದಕ್ಕೆ ವಾಪಸ್ ಹೋಗುವ ದಾರಿ ಮುಚ್ಚಿದೆ. ಕಂಪ್ಯೂಟರಿನಿಂದ ಟೈಪ್‌ರೈಟರ್ ಕೀಲಿಮಣೆ ತೆಗೆಸಿಬಿಟ್ಟೆ. ದಿನಾ ರಾತ್ರಿ ಮಗಳ ಪಠ್ಯಪುಸ್ತಕದಿಂದ ಒಂದು ಪುಟ, ನಿಧಾನವಾಗಿ, ವೇಗದ ಆಸೆ ಇಲ್ಲದೆ. ಅರ್ಧ ಸಂಬಳದ ಆ ಮೂರು ತಿಂಗಳು ನಡೆದದ್ದು ರೊಟ್ಟಿಯಲ್ಲಿ ಉಳಿಸಿದ್ದ ದುಡ್ಡಿನಿಂದ. ಕೆಲಸ ಬದಲಾಯಿಸುವ ಮುಂಚೆ ಎಷ್ಟು ತಿಂಗಳ ಖರ್ಚು ಕೈಯಲ್ಲಿರಬೇಕು ಅಂತ ಕೇಳಿದರೆ ನಾನು ಆರು ಅನ್ನುತ್ತೇನೆ. ಬೆರಳು ಕಲಿಯಲು ಎರಡು ತಿಂಗಳು ಸಾಕಾಗಬಹುದು. ಸಂಬಳ ಪೂರ್ತಿ ಬರಲು ಸಾಲದು.

ಆ ಆಫೀಸಿನಲ್ಲಿ ನಾಲ್ಕು ವರ್ಷ ಐದು ತಿಂಗಳು ಇದ್ದೆ. ಇಲ್ಲಿ ಎರಡು ದೊಡ್ಡ ತಪ್ಪು ಮಾಡಿದೆ. ಕೆಲಸ ಬಿಡುವಾಗ ಕಂಪನಿ ಕೊಡುವ ಗ್ರಾಚ್ಯುಟಿಗೆ ಆಗ ಐದು ವರ್ಷ ಸತತ ಸೇವೆ ಆಗಬೇಕಿತ್ತು. ವರ್ಷಕ್ಕೆ 15 ದಿನದ ಸಂಬಳದಂತೆ ಸಿಗಬೇಕಾದ ದುಡ್ಡು, ಏಳು ತಿಂಗಳು ಮುಂಚೆ ಬಿಟ್ಟಿದ್ದಕ್ಕೆ ಹೋಯಿತು. ನನಗೆ ಈ ನಿಯಮವೇ ಗೊತ್ತಿರಲಿಲ್ಲ. ಎರಡನೆಯದು, ಪಿಎಫ್ ಪೂರ್ತಿ ಡ್ರಾ ಮಾಡಿ ಮನೆ ಅಡ್ವಾನ್ಸಿಗೆ ಕೊಟ್ಟೆ. ಅದರ ಜೊತೆ ಪಿಂಚಣಿ ಪಾಲನ್ನೂ ತೆಗೆದೆ. ಆ ಪಿಂಚಣಿಗೆ ಹತ್ತು ವರ್ಷ ಸೇವೆ ಬೇಕು. ತೆಗೆದುಬಿಟ್ಟರೆ ಅಷ್ಟೂ ವರ್ಷ ಅಳಿಸಿಹೋಗುತ್ತವೆ, ಮುಂದಿನ ಕೆಲಸದಲ್ಲಿ ಮತ್ತೆ ಸೊನ್ನೆಯಿಂದ ಶುರು. ಯುಎಎನ್, ಅಂದರೆ ಕೆಲಸ ಬದಲಾದರೂ ಬದಲಾಗದ ಪಿಎಫ್ ನಂಬರ್, ಇದ್ದರೆ ಹಳೆ ಖಾತೆಯನ್ನು ಹೊಸ ಕಡೆಗೆ ವರ್ಗ ಮಾಡಿಕೊಳ್ಳಬಹುದು. ಕೆಲಸ ಮೇಲಿಂದ ಮೇಲೆ ಬದಲಾಯಿಸುವವರು ಇದೊಂದನ್ನಾದರೂ ದಯವಿಟ್ಟು ನೆನಪಿಡಿ. ಒಂದೇ ಕಡೆ ಮೂವತ್ತು ವರ್ಷ ಇರುವವರಿಗೆ ಆಫೀಸೇ ಲೆಕ್ಕ ಇಡುತ್ತದೆ. ನಮ್ಮಂಥವರ ಲೆಕ್ಕ ನಾವೇ ಇಡಬೇಕು. ನನ್ನ ಹತ್ತಿರ ಈಗ ಒಂದು ಹಸಿರು ಫೈಲ್ ಇದೆ: ಪ್ರತಿ ಕೆಲಸದ ನೇಮಕ ಪತ್ರ, ಬಿಡುಗಡೆ ಪತ್ರ, ಕೊನೆಯ ಸಂಬಳದ ಚೀಟಿ.

ಕೆಲಸ ಮಾಡುತ್ತಲೇ ಓದು ಮುಗಿಸಿದೆ. ಪಿಯುಸಿ ಆಗದವರು ಇಗ್ನೋ ಮುಕ್ತ ವಿಶ್ವವಿದ್ಯಾಲಯದಲ್ಲಿ ಆರು ತಿಂಗಳ ತಯಾರಿ ಕೋರ್ಸು ಮಾಡಿ ಡಿಗ್ರಿಗೆ ಸೇರಬಹುದಿತ್ತು. 2011ರಲ್ಲಿ ಅದು, 2016ರ ಡಿಸೆಂಬರ್‌ಗೆ ಬಿ.ಎ. ನಾನು ತೆಗೆದುಕೊಂಡದ್ದು ಇಂಗ್ಲಿಷ್ ಮಾಧ್ಯಮ. ಡಿಕ್ಷನರಿ ಇಟ್ಟುಕೊಂಡು ಒಂದೊಂದೇ ಪುಟ ಓದಿದೆ.

ನಡುವೆ ಎರಡು ವರ್ಷ ವಿಮಾ ಏಜೆಂಟ್ ಆಗಿದ್ದೆ. ಪರೀಕ್ಷೆ ಪಾಸಾದೆ, ನೆಂಟರಿಗೆ ಒಂಬತ್ತು ಪಾಲಿಸಿ ಮಾಡಿಸಿದೆ, ಆಮೇಲೆ ಯಾರ ಮನೆಗೆ ಹೋದರೂ ಅವರ ಮುಖ ಚಿಕ್ಕದಾಗುತ್ತಿತ್ತು. ಮಾಡಿದ ಕೆಲಸ ಯಾವುದೂ ವ್ಯರ್ಥ ಅಲ್ಲ ಅಂತ ಬಹಳ ಜನ ಹೇಳುತ್ತಾರೆ. ನಾನು ಒಪ್ಪೋದಿಲ್ಲ. ಆ ಎರಡು ವರ್ಷ ನನಗೆ ನಷ್ಟವೇ. ಆರನೇ ತಿಂಗಳಲ್ಲೇ ಬಿಡಬೇಕಿತ್ತು.

2017ರಲ್ಲಿ ತಂತ್ರಾಂಶಗಳನ್ನು ಸ್ಥಳೀಯ ಭಾಷೆಗೆ ತರುವ ಒಂದು ಲೋಕಲೈಸೇಷನ್ ಕಂಪನಿಯಲ್ಲಿ ಕಾಂಟ್ರಾಕ್ಟ್ ಸಿಕ್ಕಿತು. ಮೊಬೈಲ್ ಆ್ಯಪ್‌ಗಳಲ್ಲಿ ಕನ್ನಡ ಸರಿಯಾಗಿ ಕಾಣುತ್ತದೆಯೇ ಅಂತ ನೋಡುವ ಕೆಲಸ. ಟೆಸ್ಟಿಂಗ್ ಅಂದರೆ ಏನೂಂತ ನನಗೆ ಗೊತ್ತಿರಲಿಲ್ಲ. ಆದರೆ ಮೊದಲ ವಾರವೇ ನನಗೆ ಕಂಡದ್ದು ಉಳಿದವರಿಗೆ ಕಂಡಿರಲಿಲ್ಲ. ಸಾಲಿನ ನಡುವೆ ಜಾಗ ಸಾಲದೆ ಒತ್ತಕ್ಷರದ ಕೆಳಭಾಗ ಕತ್ತರಿಸಿ ಹೋಗುತ್ತಿತ್ತು. ಇಂಗ್ಲಿಷಿಗೆ ಅಳೆದ ಬಟನ್ನಿನಲ್ಲಿ ಕನ್ನಡದ ಪದ ಹಿಡಿಯುತ್ತಿರಲಿಲ್ಲ. "ಸಾಫ್ಟ್‌ವೇರ್" ಅನ್ನೋದರಲ್ಲಿ ಕಣ್ಣಿಗೆ ಕಾಣದ ಒಂದು ಅಕ್ಷರ ಬಿಟ್ಟುಹೋದರೆ ವ ಕೂಡ ಒತ್ತಕ್ಷರವಾಗಿ ಕೆಳಗೆ ಕೂರುತ್ತದೆ. ಹಿಂದಿದ್ದವರು ಅರ್ಥಕ್ಕೆ ಓದುತ್ತಿದ್ದರು. ನಾನು ಅಕ್ಷರಕ್ಕೆ ಓದುತ್ತಿದ್ದೆ. ಅಪ್ಪ ಆಗ ಇರಲಿಲ್ಲ. ಇದ್ದಿದ್ದರೆ ಆ ಸಂಜೆಯೇ ಫೋನ್ ಮಾಡುತ್ತಿದ್ದೆ.

2020ರ ಮೇನಲ್ಲಿ, ಲಾಕ್‌ಡೌನ್ ನಡುವೆ, ಕಾಂಟ್ರಾಕ್ಟ್ ಮುಂದುವರಿಸಲಿಲ್ಲ. ನನಗಾಗ 44. ಮಗಳ ಫೀಸು ಕಟ್ಟಬೇಕಿತ್ತು. ಎರಡು ದಿನ ಸುಮ್ಮನೆ ಕೂತಿದ್ದೆ. ಮೂರನೇ ದಿನ ಜೋಳ ತರಿಸಿದೆ. ಅಕ್ಕಪಕ್ಕದ ಅಪಾರ್ಟ್‌ಮೆಂಟುಗಳಲ್ಲಿ ನಮ್ಮ ಕಡೆಯ ಜನ ಜಾಸ್ತಿ, ಎಲ್ಲರೂ ಮನೆಯಲ್ಲಿ ಸಿಕ್ಕಿಕೊಂಡಿದ್ದರು. "ಏನಕ್ಕಾ, ಬಿ.ಎ. ಮಾಡಿ ರೊಟ್ಟಿ ಬಡೀತೀರಾ?" ಅಂತ ಒಬ್ಬ ಹುಡುಗ ಕೇಳಿದ. ನನಗೆ ನಾಚಿಕೆ ಅನ್ನಿಸಲಿಲ್ಲ. ನನಗೆ ಬರುವ ಕೆಲಸ ಅದು. ಎಂಟು ತಿಂಗಳು ಮನೆ ನಡೆಸಿತು. ಮುಂದೆ ಹೋದವರು ಹಿಂದಿನ ಕೆಲಸಕ್ಕೆ ಬಂದರೆ ಸೋತರು ಅಂತ ಯಾಕೆ ಅಂದುಕೊಳ್ಳಬೇಕು, ಅಲ್ವಾ?

ಈಗ ನನಗೆ 49. ಹಳೆ ಪುಸ್ತಕಗಳನ್ನು ಯೂನಿಕೋಡ್‌ಗೆ, ಅಂದರೆ ಯಾವ ಕಂಪ್ಯೂಟರ್ ಆದರೂ ಕನ್ನಡ ಅಂತಲೇ ಗುರುತಿಸುವ ಅಕ್ಷರ ವ್ಯವಸ್ಥೆಗೆ, ತರುವ ಕೆಲಸ ಮನೆಯಿಂದಲೇ ಮಾಡುತ್ತೇನೆ. ಇದಕ್ಕೆ ನನ್ನನ್ನು ಎಳೆದದ್ದು ಕಣ್ಣು ಕಾಣದ ಒಬ್ಬ ವಿದ್ಯಾರ್ಥಿನಿ. ಕಂಪ್ಯೂಟರ್ ಓದಿ ಹೇಳಿದ್ದನ್ನು ಕೇಳಿಸಿಕೊಂಡು ಅವಳು ಓದುತ್ತಾಳೆ. ಅದಕ್ಕೆ ಎನ್‌ವಿಡಿಎ ಅನ್ನುವ ಉಚಿತ ಸಾಫ್ಟ್‌ವೇರ್ ಇದೆ. ಹಳೆ ಫಾಂಟ್‌ಗಳಲ್ಲಿ ಟೈಪ್ ಮಾಡಿದ ಕನ್ನಡ ಕಣ್ಣಿಗೆ ಮಾತ್ರ ಕನ್ನಡ. ಒಳಗೆ ಇರೋದು ಇಂಗ್ಲಿಷ್ ಅಕ್ಷರ, ಚಿಹ್ನೆಗಳ ರಾಶಿ. ಅವಳ ಕಂಪ್ಯೂಟರ್ ಅದನ್ನು ಓದಿದ್ದು ಕೇಳಿ ನನ್ನ ಹೊಟ್ಟೆಯಲ್ಲಿ ಸಂಕಟವಾಯಿತು. ಇಷ್ಟು ವರ್ಷ ಪ್ರೀತಿಯಿಂದ ಮಾಡಿದ ಪುಟಗಳಲ್ಲಿ ಒಂದೂ ಅವಳಿಗೆ ಕೇಳಿಸುತ್ತಿರಲಿಲ್ಲ.

ಪರಿವರ್ತನೆಯ ತಂತ್ರಾಂಶಗಳು ಇವೆ, ಆದರೆ ಪೂರ್ತಿ ನಂಬೋ ಹಾಗಿಲ್ಲ. ಹಳೆ ಫಾಂಟಿನಲ್ಲಿ ಅರ್ಕಾವೊತ್ತು ಅಕ್ಷರದ ನಂತರ ಇರುತ್ತದೆ, ಯೂನಿಕೋಡ್‌ನಲ್ಲಿ ರಕಾರ ಮೊದಲು ಬರಬೇಕು. ಅದು ಜಾಗ ತಪ್ಪಿದರೆ "ಸೂರ್ಯ" ಬೇರೆ ಏನೋ ಆಗುತ್ತದೆ. ಅಚ್ಚಾದ ಪುಟ ಸ್ಕ್ಯಾನ್ ಮಾಡಿ ಅಕ್ಷರ ಗುರುತಿಸಲು ಯಂತ್ರಕ್ಕೆ ಬಿಟ್ಟರೆ ಇನ್ನೊಂದು ತೊಂದರೆ. ದ-ಧ, ಪ-ಫ ನಡುವೆ ಇರೋದು ಹೊಟ್ಟೆಯ ಕೆಳಗಿನ ಒಂದು ಸಣ್ಣ ಸೀಳು. ಯಂತ್ರ ಅದನ್ನು ಬಿಡುತ್ತದೆ, ಧನ ದನವಾಗುತ್ತದೆ.

ಹೋದ ತಿಂಗಳು 1998ರ ಒಂದು ಕಥಾಸಂಕಲನ ಬಂತು. ಹುಬ್ಬಳ್ಳಿಯಲ್ಲಿ ನಾನೇ ಕಂಪೋಸ್ ಮಾಡಿದ್ದು. ಪೇಜ್‌ಮೇಕರ್ ಫೈಲು ಎಲ್ಲೂ ಉಳಿದಿಲ್ಲ. ಗ್ರಂಥಾಲಯದ ಪ್ರತಿಯನ್ನೇ ಸ್ಕ್ಯಾನ್ ಮಾಡಿದೆವು. ಎರಡು ಸಲ ಕಣ್ಣಿನಿಂದ ತಿದ್ದಿ, ಮೂರನೇ ಸಲ ಕಣ್ಣು ಮುಚ್ಚಿ ಯಂತ್ರದ ದನಿ ಕೇಳುತ್ತಾ ಕೂತೆ. ಹೀಗೆ ಕಿವಿಯಿಂದ ಪ್ರೂಫ್ ನೋಡೋದನ್ನು ಈಗ ಕಲಿಯುತ್ತಿದ್ದೇನೆ, ಇನ್ನೂ ನಿಧಾನ. 62ನೇ ಪುಟದಲ್ಲಿ "ವಿದಿ" ಅಂತ ಕೇಳಿಸಿತು. "ವಿಧಿ" ಆಗಬೇಕಿತ್ತು. ಯಂತ್ರದ ತಪ್ಪು ಅಂದುಕೊಂಡು ಪುಸ್ತಕ ತೆಗೆದು ನೋಡಿದೆ. ಅಚ್ಚಿನಲ್ಲೂ ಹಾಗೇ ಇತ್ತು. 22ರ ವಯಸ್ಸಿನಲ್ಲಿ ನಾನು ಬಿಟ್ಟಿದ್ದ ಅಕ್ಷರ.

ತಿದ್ದಿದೆ. ಆ ಸಾಲನ್ನು ಇನ್ನೊಂದು ಸಲ ಓದಿಸಿ ಕೇಳಿ, ಫೈಲನ್ನು ಅವಳಿಗೆ ಕಳಿಸಿದೆ.