ಹತ್ತು ಜನ, ಒಂದು ಸಂಬಳ: ವರ್ಷದ ಕಾಳು ಒಮ್ಮೆಗೇ ತರುವ ನನ್ನ ಅನುಭವ

ಕಿರಾಣಿ ಅಂಗಡಿಯ ಉದ್ರಿ ಪುಸ್ತಕ ನಮ್ಮ ಮನೆಯಿಂದ ಹೋಗಿ ಮೂರ್ನಾಲ್ಕು ವರ್ಷ ಆಯಿತು. ಉಣ್ಣುವವರು ಹತ್ತು ಜನ: ಅವ್ವ, ಅತ್ತಿಗೆ, ನಾವಿಬ್ಬರು, ನಮ್ಮ ನಾಲ್ಕು ಮಕ್ಕಳು, ತೀರಿಹೋದ ಅಣ್ಣನ ಇಬ್ಬರು. ನಾನು ದಾವಣಗೆರೆಯಲ್ಲಿ, ರೈತರ ಮಾಲು ಮಾರಿಸಿಕೊಡುವ ಒಂದು ದಲಾಲಿ ಅಂಗಡಿಯ ಗುಮಾಸ್ತ. ಸಂಬಳ ಈಗ ಹತ್ತೊಂಬತ್ತು ಸಾವಿರದ ಆಸುಪಾಸು. ಮನೆಯವಳು ಬ್ಲೌಸ್ ಹೊಲಿದು ಮೂರು ಸಾವಿರ ತರುತ್ತಾಳೆ, ಮದುವೆ ಸೀಜನ್ನಿನಲ್ಲಿ ಐದಾರು. ಮನೆ ಅಪ್ಪ ಕಟ್ಟಿಸಿದ ಹೆಂಚಿನ ಮನೆ. ಬಾಡಿಗೆ ಕಟ್ಟುವ ಹಾಗಿದ್ದರೆ ಈ ಲೆಕ್ಕ ಯಾವುದೂ ಕೂಡುತ್ತಿರಲಿಲ್ಲ, ಅದನ್ನು ಮೊದಲೇ ಹೇಳಿಬಿಡುತ್ತೇನೆ.

ದೊಡ್ಡ ಸಂಸಾರ ನಡೆಸುವವರಿಗೆ ಎಲ್ಲರೂ ಹೇಳುವುದು ಒಂದೇ ಮಾತು, ಖರ್ಚು ಕಡಿಮೆ ಮಾಡಿ ಅಂತ. ಏನು ಕಡಿಮೆ ಮಾಡುವುದು? ಬೇಳೆಗೆ ನೀರು ಹಾಕುವುದರಲ್ಲಿ ನಮ್ಮ ಅವ್ವನನ್ನು ಮೀರಿಸುವವರಿಲ್ಲ. ನಮ್ಮ ದುಡ್ಡು ಸೋರುತ್ತಿದ್ದದ್ದು ಬೇರೆ ಕಡೆ. ಉದ್ರಿ ಅಂಗಡಿಯಲ್ಲಿ ಕೆಜಿಗೆ ಐದೋ ಎಂಟೋ ರೂಪಾಯಿ ಜಾಸ್ತಿ ಹಾಕುತ್ತಾರೆ, ಕೇಳುವ ಹಾಗಿಲ್ಲ. ಅದೇ ಕಾಳು ಸುಗ್ಗಿಯಲ್ಲಿ ನನ್ನ ಕಣ್ಣೆದುರೇ ಎಷ್ಟಕ್ಕೆ ಹೋಯಿತು ಎಂದು ನಾನೇ ಪಟ್ಟಿ ಬರೆದಿರುತ್ತೇನೆ! ಕೈಯಲ್ಲಿ ಗಂಟು ಇಲ್ಲದವನಿಗೆ ಎಲ್ಲವೂ ದುಬಾರಿ. ಆ ಗಂಟನ್ನು ಸರಿಯಾದ ತಿಂಗಳಲ್ಲಿ ಕೈಗೆ ಬರಿಸಿಕೊಳ್ಳುವುದೇ ಕೆಲಸ, ಉಳಿದದ್ದು ಸುಲಭ.

ಗಂಟಿಗೆ ದಾರಿ ಚೀಟಿ. ವರ್ಷದ ಕಾಳಿಗೆಂದು ಮೊದಲ ಸಲ ಹಾಕಿದ್ದ ಹರಾಜಿನ ಚೀಟಿಯಲ್ಲಿ ನಡೆಸುವವನೇ ಊರು ಬಿಟ್ಟ. ಹತ್ತಿರ ಹತ್ತಿರ ಮೂವತ್ತು ಸಾವಿರ ಹೋಯಿತು, ಆ ವರ್ಷ ಯುಗಾದಿಗೆ ಮಕ್ಕಳಿಗೆ ಬಟ್ಟೆ ಇಲ್ಲ. "ಭಾವ, ನೀವು ಸಂಸಾರ ಮಾಡ್ತೀರೋ ಗೋಡೌನ್ ನಡೆಸ್ತೀರೋ?" ಎಂದು ಭಾಮೈದ ಎಲ್ಲರೆದುರು ನಕ್ಕಿದ್ದು ಆಗಲೇ. ಈಗಿನದು ಹನ್ನೆರಡು ಜನರ ಚೀಟಿ. ಎಲ್ಲರೂ ನಮ್ಮ ಪೇಟೆಯ ಗುಮಾಸ್ತರು, ಹಮಾಲರು. ತಿಂಗಳಿಗೆ ಎರಡೂವರೆ ಸಾವಿರ, ಹರಾಜಿಲ್ಲ, ಪಾಳಿ ಪ್ರಕಾರ ಮೂವತ್ತು ಸಾವಿರ. ನನ್ನ ಪಾಳಿ ಪ್ರತಿ ಸಲ ಜನವರಿಗೇ ಹೇಗೆ ಬರುತ್ತದೆ ಎಂದು ಕೇಳಬೇಡಿ. ಮೋಸವಂತೂ ಇಲ್ಲ.

ಜನವರಿ ಯಾಕೆ? ತೊಗರಿ ಬರುವುದು ಆಗ. ಜೋಳ ಫೆಬ್ರವರಿ, ಮಾರ್ಚಿಗೆ. ಮೆಣಸಿನಕಾಯಿ, ಹುಣಸೆ ಅದರ ಹಿಂದೆಯೇ. ವರ್ಷಕ್ಕೆ ನಮಗೆ ಬೇಕಾದದ್ದು ಒಂದು ಕ್ವಿಂಟಲ್ ತೊಗರಿ, ಮೂರು ಕ್ವಿಂಟಲ್ ಜೋಳ, ಒಂದು ಕ್ವಿಂಟಲ್ ಶೇಂಗಾ, ಎಂಟು ಹತ್ತು ಕೆಜಿ ಮೆಣಸಿನಕಾಯಿ, ಹುಣಸೆ ಹನ್ನೆರಡು ಕೆಜಿ. ಎಲ್ಲ ಸೇರಿ ಇಪ್ಪತ್ತೇಳು, ಇಪ್ಪತ್ತೆಂಟು ಸಾವಿರ ಆಗುತ್ತದೆ.

ತೊಗರಿಯ ಲೆಕ್ಕ ನೋಡಿ. 2024-25ರ ಬೆಂಬಲ ಬೆಲೆ ಕ್ವಿಂಟಲ್ಲಿಗೆ 7,550 ಇತ್ತು. ಪೇಟೆಗೆ ಮಾಲು ಬರುವುದು ಜೋರಾದ ವಾರ ದರ ಅದರ ಅಕ್ಕಪಕ್ಕ ಬಂದಾಗ ನಾನು ಒಂದು ಚೀಲ ಹಿಡಿದೆ. ಒಂದು ಕ್ವಿಂಟಲ್ ಒಡೆಸಿದರೆ ಬೇಳೆ ಎಪ್ಪತ್ತು ಕೆಜಿ ಸಿಗುತ್ತದೆ. ಒಡೆಸುವ ಕೂಲಿ ಸೇರಿ ಕೆಜಿಗೆ ನೂರಾ ಹದಿನೈದರ ಹತ್ತಿರ ಬಿತ್ತು. ಹಿಂದಿನ ಮಳೆಗಾಲದಲ್ಲಿ ಅಂಗಡಿಯಲ್ಲಿ ನೂರಾ ಅರವತ್ತು, ಎಪ್ಪತ್ತು ಕೊಟ್ಟಿದ್ದೆವು. ನುಚ್ಚು, ಹೊಟ್ಟು ಬೇರೆ ಉಳಿಯಿತು.

ಆದರೆ ಕಾಳು ತರುವುದಕ್ಕಿಂತ ಕಾಯುವುದು ಕಷ್ಟ. ಮೊದಲ ವರ್ಷ ಒಡೆಸಿದ ಬೇಳೆಯನ್ನೇ ತಂದು, ಬೇವಿನ ಸೊಪ್ಪು ಹಾಕಿ ಡ್ರಮ್ಮಿಗೆ ಸುರಿದೆ. ಆಷಾಢದ ಹೊತ್ತಿಗೆ ಮುಚ್ಚಳ ತೆಗೆದರೆ ಹುಳ ಹರಿದಾಡುತ್ತಿದ್ದವು. ಹದಿನೈದು ಕೆಜಿ ಎಮ್ಮೆಗೆ ಹೋಯಿತು, ನಮ್ಮ ಎಮ್ಮೆಯೂ ಅಲ್ಲ, ಪಕ್ಕದವರದು. ಬೇವಿನ ಸೊಪ್ಪು ಒಂದನ್ನೇ ನಂಬಬೇಡಿ. ಆಮೇಲೆ ಅವ್ವನೇ ಕೈ ಹಾಕಿದಳು. ಇಡೀ ಕಾಳಿಗೆ ಕೆಮ್ಮಣ್ಣಿನ ಲೇಪ ಕಟ್ಟಿ, ಚೆನ್ನಾಗಿ ಒಣಗಿಸಿ, ಬೇಕಾದಾಗ ಒಂದೊಂದು ಪಾಲು ಒಡೆಸುವುದು. ಒಡೆಸಿದ ಬೇಳೆಗೆ ಅಂಗೈಯಲ್ಲಿ ಹರಳೆಣ್ಣೆ ಸವರಿ ಬಿಸಿಲು ತೋರಿಸುವುದು. ಎಣ್ಣೆ ಎಷ್ಟು ಎನ್ನುವುದನ್ನು ಅತ್ತಿಗೆಗೆ ಮಾತ್ರ ಹೇಳಿಕೊಟ್ಟಿದ್ದಾಳೆ, ನನಗೂ ಗೊತ್ತಿಲ್ಲ. ಮೂರು ವರ್ಷದಿಂದ ಒಂದು ಹುಳ ಇಲ್ಲ.

ಉಳ್ಳಾಗಡ್ಡಿ ಮಾತ್ರ ನಮಗೆ ಒಲಿಯಲಿಲ್ಲ. ನವೆಂಬರಿನಲ್ಲಿ ಅಗ್ಗ ಎಂದು ಎರಡು ಚೀಲ ತಂದಿದ್ದೆವು, ಸಂಕ್ರಾಂತಿಯೊಳಗೆ ಅರ್ಧ ಕೊಳೆಯಿತು. ಮುಂಗಾರಿನ ಗಡ್ಡೆಯಲ್ಲಿ ನೀರು ಜಾಸ್ತಿ, ಅದು ಇಟ್ಟುಕೊಳ್ಳುವ ಮಾಲಲ್ಲ. ಮನೆ ತುಂಬ ವಾಸನೆ. ಬ್ಲೌಸ್ ಕೊಡಲು ಬಂದವರು ಬಾಗಿಲಲ್ಲೇ ನಿಂತು ಮಾತಾಡಿ ಹೋಗುತ್ತಿದ್ದರು. ಈಗ ಅದನ್ನು ವಾರದ ಸಂತೆಯಲ್ಲೇ ತರುತ್ತೇವೆ.

ಶೇಂಗಾ ಎಣ್ಣೆಯದು ನನ್ನ ಹುಚ್ಚು. ಒಂದು ಕ್ವಿಂಟಲ್ ಕಾಯಿ ಸುಲಿಸಿದರೆ ಬೀಜ ಅರವತ್ತೆಂಟು, ಎಪ್ಪತ್ತು ಕೆಜಿ. ಗಾಣಕ್ಕೆ ಹಾಕಿದರೆ ಮೂವತ್ತು ಲೀಟರ್ ಎಣ್ಣೆ. ಹಿಂಡಿಯನ್ನು ಹಸು ಕಟ್ಟಿದವರಿಗೆ ಮಾರಿದೆ, ಹದಿನಾಲ್ಕು ನೂರು ಬಂತು. ಆದರೂ ಲೀಟರಿಗೆ ನೂರಾ ಎಪ್ಪತ್ತರ ಮೇಲೆಯೇ ಬಿತ್ತು. ಅಂಗಡಿಯ ಶೇಂಗಾ ಎಣ್ಣೆಗೂ ಇದಕ್ಕೂ ಅಂಥ ವ್ಯತ್ಯಾಸ ಇಲ್ಲ, ಪಾಕೀಟಿನ ಸೂರ್ಯಕಾಂತಿ ಎಣ್ಣೆಯಾದರೆ ಇದಕ್ಕಿಂತ ಅಗ್ಗ. ಲಾಭಕ್ಕೆ ಮಾಡುವವರು ಈ ಕಡೆ ಬರಬೇಡಿ. ನಾನು ರುಚಿಗಾಗಿ ಬಿಟ್ಟಿಲ್ಲ, ಅಷ್ಟೇ. ಶೇಂಗಾ ಸಿಪ್ಪೆ ಮಾತ್ರ ಚೆನ್ನಾಗಿ ಉಪಯೋಗಕ್ಕೆ ಬಂತು. ಅದನ್ನೂ ಸಾಮಿಲ್ಲಿನ ಹೊಟ್ಟನ್ನೂ ಹೊಟ್ಟಿನ ಒಲೆಗೆ ತುಂಬಿ ಸ್ನಾನದ ನೀರು ಕಾಯಿಸುತ್ತೇವೆ. ಇಪ್ಪತ್ತೆರಡು ದಿನ ಬರುತ್ತಿದ್ದ ಸಿಲಿಂಡರ್ ಈಗ ತಿಂಗಳು ದಾಟುತ್ತದೆ.

ಮೆಣಸಿನಕಾಯಿ ಬ್ಯಾಡಗಿಯಿಂದ ಬರುತ್ತದೆ, ಪೇಟೆಯ ಲಾರಿಗಳ ಜೊತೆ. 2024ರ ಮಾರ್ಚಿನಲ್ಲಿ ಅಲ್ಲಿ ದರ ಬಿದ್ದು, ರೈತರು ರೊಚ್ಚಿಗೆದ್ದು ಎಪಿಎಂಸಿ ಕಚೇರಿಗೆ ನುಗ್ಗಿ ವಾಹನಗಳಿಗೆ ಬೆಂಕಿ ಹಚ್ಚಿದ್ದರು. ಆ ವರ್ಷ ನಮ್ಮ ಮನೆಯ ಖಾರದ ಪುಡಿ ಬಹಳ ಅಗ್ಗವಾಯಿತು. ಸುಗ್ಗಿಯಲ್ಲಿ ಕೊಳ್ಳುವುದು ಅಂದರೆ ಒಬ್ಬರ ಕಷ್ಟದ ದಿನ ನೋಡಿ ಕೊಳ್ಳುವುದು ಕೂಡ. ಪೇಟೆಯಲ್ಲಿ ದುಡಿಯುವವನಿಗೆ ಇದು ಹೊಸದಲ್ಲ, ಹಾಗಂತ ಮರೆಯುವುದೂ ಆಗುವುದಿಲ್ಲ.

ಅಕ್ಕಿ ನಾವು ಕೊಳ್ಳುವುದು ಅಪರೂಪ. ರೇಷನ್ ಅಕ್ಕಿಯನ್ನು ಹದಿನೈದು, ಹದಿನಾರಕ್ಕೆ ಮಾರಿ ಸೋನಾ ಮಸೂರಿ ತಿನ್ನುವವರು ನಮ್ಮ ಬೀದಿಯಲ್ಲೇ ಇದ್ದಾರೆ. ಅದು ಅಪರಾಧ ಹೌದು, ಲೆಕ್ಕದಲ್ಲೂ ದಡ್ಡತನ. ಅದೇ ಅಕ್ಕಿಯ ದೋಸೆ, ಇಡ್ಲಿ, ಚಕ್ಕುಲಿ ಚೆನ್ನಾಗಿ ಆಗುತ್ತವೆ. ಅನ್ನಕ್ಕೆ ಸ್ವಲ್ಪ ಹೆಚ್ಚು ಹೊತ್ತು ನೆನೆಸಿದರೆ ಸಾಕು. ಅವ್ವ ಬಹಳ ದಿನ ಅದರಲ್ಲಿ ಬೆಳ್ಳಗಿರುವ ಕಾಳುಗಳನ್ನು ಪ್ಲಾಸ್ಟಿಕ್ ಎಂದು ಆರಿಸಿ ಎಸೆಯುತ್ತಿದ್ದಳು. ಅದು ಕಬ್ಬಿಣಾಂಶ, ವಿಟಮಿನ್ ಬೆರೆಸಿದ ಸಾರವರ್ಧಿತ ಅಕ್ಕಿ ಎಂದು ಅಂಗನವಾಡಿ ಟೀಚರ್ ಬಂದು ಹೇಳಿದ ಮೇಲೆ ಬಿಟ್ಟಳು. ನಾನು ಹೇಳಿದಾಗ ನಂಬಿರಲಿಲ್ಲ. 2023ರಲ್ಲಿ ಹೆಚ್ಚುವರಿ ಅಕ್ಕಿ ಬದಲು ಕೆಜಿಗೆ 34 ರೂಪಾಯಿಯಂತೆ ಖಾತೆಗೆ ದುಡ್ಡು ಬರುತ್ತಿತ್ತು. ಆ ದುಡ್ಡು, ಆಮೇಲೆ ಗೃಹಲಕ್ಷ್ಮಿಯ ಎರಡು ಸಾವಿರ, ಬಂದ ತಿಂಗಳೆಲ್ಲ ನೇರ ಚೀಟಿಗೆ ಹೋಯಿತು. ಬಾರದ ತಿಂಗಳು ಬ್ಲೌಸಿನ ದುಡ್ಡು. ಇದರಲ್ಲಿ ನಾವು ಕೈ ಬಿಗಿ, ಮಕ್ಕಳು ಅತ್ತರೂ ಅದರಿಂದ ತೆಗೆಯುವುದಿಲ್ಲ.

ಓದಿನದು ಎರಡೇ ಮಾತು. ಎಲ್ಲರೂ ಸರ್ಕಾರಿ ಶಾಲೆ, ಮಧ್ಯಾಹ್ನ ಬಿಸಿಯೂಟ. ಎಂಟನೇ ಕ್ಲಾಸಿನಲ್ಲಿ ಬರೆಯುವ ಎನ್‌ಎಂಎಂಎಸ್ ಎಂಬ ವಿದ್ಯಾರ್ಥಿವೇತನದ ಪರೀಕ್ಷೆ ಪಾಸಾಗಿ ಆಯ್ಕೆಯಾದರೆ ಒಂಬತ್ತರಿಂದ ಪಿಯುಸಿವರೆಗೆ ವರ್ಷಕ್ಕೆ 12,000. ದೊಡ್ಡವಳಿಗೆ ಸಿಕ್ಕಿದೆ. ಅಣ್ಣನ ಮಗಳಿಗೆ ಸ್ವಲ್ಪದರಲ್ಲಿ ತಪ್ಪಿತು. ಈಗ ದೊಡ್ಡವಳೇ ಕೆಳಗಿನವರನ್ನು ಕೂರಿಸಿಕೊಂಡು ಅದೇ ಹಳೆ ಗೈಡಿನಲ್ಲಿ ತಿದ್ದುತ್ತಾಳೆ. ಟ್ಯೂಷನ್ನಿಗೆ ನಾನು ಇವತ್ತಿನವರೆಗೆ ಒಂದು ರೂಪಾಯಿ ಕೊಟ್ಟಿಲ್ಲ. ಇದನ್ನು ಹೇಳಿಕೊಳ್ಳಲು ನನಗೆ ಸ್ವಲ್ಪ ಜಂಬವೇ.

ಔಷಧಿಗೆ ಮಾತ್ರ ಈ ಒಮ್ಮೆಗೇ ತರುವ ಉಪಾಯ ನಡೆಯುವುದಿಲ್ಲ. ಅವ್ವನ ಬಿಪಿ, ಶುಗರ್ ಮಾತ್ರೆ ತಿಂಗಳು ತಿಂಗಳು ತರಲೇಬೇಕು. ಜನೌಷಧಿ ಅಂಗಡಿಗೆ ಬದಲಾಯಿಸಿದ ಮೇಲೆ ಒಂಬೈನೂರು ಇದ್ದದ್ದು ಮುನ್ನೂರರ ಒಳಗೆ ಬಂದಿದೆ. ಡಾಕ್ಟರಿಗೆ ಔಷಧಿ ಚೀಟಿ ತೋರಿಸಿ ಕೇಳಿಯೇ ಬದಲಾಯಿಸಿದ್ದು.

ಮುಂದಿನದು ಕಾಲೇಜಿನ ಖರ್ಚು. ದೊಡ್ಡವಳು ಸೈನ್ಸ್ ಎನ್ನುತ್ತಾಳೆ. ಫೀಸು, ಪುಸ್ತಕ, ಲ್ಯಾಬು ಎಲ್ಲ ಜೂನಿನಲ್ಲೇ ಕಟ್ಟಬೇಕು, ಅದಕ್ಕಾಗಿ ಎರಡನೇ ಚೀಟಿ ಶುರು ಮಾಡಿದ್ದೇವೆ. ತೊಡಕು ಏನೆಂದರೆ, ಹನ್ನೆರಡು ಮನೆಯಲ್ಲಿ ಒಂಬತ್ತು ಮನೆಯವರಿಗೆ ಓದುವ ಮಕ್ಕಳಿದ್ದಾರೆ, ಎಲ್ಲರಿಗೂ ಜೂನ್ ಪಾಳಿಯೇ ಬೇಕು. ಮೇ ತಿಂಗಳಲ್ಲಿ ಎರಡು, ಜೂನಿನಲ್ಲಿ ಎರಡು ಪಾಳಿ ಎತ್ತಿ, ಅದಕ್ಕೆ ಮೊದಲಿನ ಎರಡು ತಿಂಗಳು ಖಾಲಿ ಬಿಡೋಣ ಎಂದು ನಾನು ಹೇಳಿದ್ದೇನೆ. ಹಮಾಲರ ಮೇಸ್ತ್ರಿ ಇನ್ನೂ ಒಪ್ಪಿಲ್ಲ.