ವ್ಯಾನಿನ ಶೌಚ ಪೆಟ್ಟಿಗೆ: ಖಾಲಿ ಮಾಡುವುದನ್ನು ಮೊದಲು ಕಲಿಯಿರಿ

ಕ್ಯಾಂಪರ್ ವ್ಯಾನ್ ಸಜ್ಜುಗೊಳಿಸುವವರು ಹಾಸಿಗೆ, ಒಲೆ, ಸೌರಫಲಕಗಳ ಬಗ್ಗೆ ತಿಂಗಳುಗಟ್ಟಲೆ ಯೋಚಿಸುತ್ತಾರೆ. ಶೌಚದ ಪೆಟ್ಟಿಗೆಯನ್ನು ಮಾತ್ರ ಹೊರಡುವ ಹಿಂದಿನ ದಿನ ಕೊಳ್ಳುತ್ತಾರೆ. ಮೂರನೆಯ ದಿನ ಅದನ್ನು ಖಾಲಿ ಮಾಡಲು ಹೋಗಿ ಬಟ್ಟೆಯ ಮೇಲೆಲ್ಲ ಸಿಡಿಸಿಕೊಂಡು ಬರುವವರನ್ನು ನಾನು ಎಷ್ಟೋ ಸಲ ನೋಡಿದ್ದೇನೆ. ಅದಕ್ಕಾಗಿಯೇ ಈ ಲೇಖನ.

ಹಂತ 1: ಬಗೆಯನ್ನು ಆರಿಸಿ

ಚೀಲ ಹಾಕಿ ಕೂರುವ ಮಡಚುವ ಕುರ್ಚಿ ಎಲ್ಲಕ್ಕಿಂತ ಅಗ್ಗ. ಚೀಲದಲ್ಲಿ ನೀರು ಹೀರುವ ಪುಡಿ ಇರುತ್ತದೆ. ದ್ರವ ಬಿದ್ದೊಡನೆ ಗಟ್ಟಿಯಾಗುತ್ತದೆ. ತುರ್ತಿಗೆ ಇದು ಸಾಕು, ದಿನನಿತ್ಯಕ್ಕೆ ಬೇಡ. ತೆಳು ಕೊಳವೆಯ ಕಾಲುಗಳಿರುವ ಕುರ್ಚಿಯನ್ನಂತೂ ಕೊಳ್ಳಲೇಬೇಡಿ, ಭಾರಕ್ಕೆ ಬಾಗುತ್ತದೆ.

ಎರಡನೆಯದು ಒಣ ಶೌಚ ಪೆಟ್ಟಿಗೆ. ಮೂತ್ರ ಮುಂದಿನ ಬಾಟಲಿಗೆ, ಮಲ ಹಿಂದಿನ ಡಬ್ಬಿಗೆ ಹೋಗುತ್ತದೆ. ದುರ್ವಾಸನೆಯ ಮೂಲ ಇವೆರಡೂ ಬೆರೆಯುವುದರಲ್ಲಿದೆ, ಬೆರೆಯದಿದ್ದರೆ ಆಶ್ಚರ್ಯವಾಗುವಷ್ಟು ಕಡಿಮೆ ವಾಸನೆ. ಡಬ್ಬಿಗೆ ತೆಂಗಿನ ನಾರಿನ ಪುಡಿಯನ್ನೋ ಮರದ ಹೊಟ್ಟನ್ನೋ ಹಾಕಿ, ಬಾಟಲಿಯನ್ನು ಪ್ರತಿದಿನವೂ ಚೆಲ್ಲಬೇಕು. ಕೆಲವು ತಯಾರಕರು ಇದನ್ನು ‘ಕಾಂಪೋಸ್ಟ್ ಶೌಚಾಲಯ’ ಎಂದು ಮಾರುತ್ತಾರೆ. ಮಲ ಗೊಬ್ಬರವಾಗಲು ಹಲವು ತಿಂಗಳು ಬೇಕು. ವ್ಯಾನಿನಲ್ಲಿ ಅದು ಒಣಗುತ್ತದೆ, ಅಷ್ಟೆ. ಅದನ್ನು ತೋಟದ ಗಿಡಗಳ ಬುಡಕ್ಕೆ ಹಾಕಬೇಡಿ.

ಮೂರನೆಯದು ಎರಡು ಭಾಗಗಳ ನೀರಿನ ಪೆಟ್ಟಿಗೆ: ಮೇಲೆ ಆಸನ ಮತ್ತು ಫ್ಲಶ್ ನೀರು, ಕೆಳಗೆ ತ್ಯಾಜ್ಯದ ತೊಟ್ಟಿ, ನಡುವೆ ಜಾರುಬಾಗಿಲು. ಮನೆಯ ಅಭ್ಯಾಸ ಬಿಡಲಾಗದವರಿಗೆ ಇದೇ ಸರಿ. 20 ಲೀಟರಿನ ತೊಟ್ಟಿಗೆ ಆಸೆಪಡಬೇಡಿ. ತುಂಬಿದ ಮೇಲೆ ಅದು 20 ಕಿಲೋಗಿಂತ ಹೆಚ್ಚು ತೂಗುತ್ತದೆ, ಅದನ್ನು ನೀವೇ ಹೊರಬೇಕು. ಇಬ್ಬರಿಗೆ 12 ಲೀಟರ್ ಸಾಕು; ಎರಡು ದಿನಕ್ಕೊಮ್ಮೆ ಖಾಲಿ ಮಾಡಿ.

ಹಂತ 2: ಸಿದ್ಧಗೊಳಿಸಿ

ಇಲ್ಲಿಂದ ಮುಂದಿನದೆಲ್ಲ ಮೂರನೆಯ ಬಗೆಯ, ಅಂದರೆ ನೀರಿನ ಪೆಟ್ಟಿಗೆಯ ಬಗ್ಗೆ. ತ್ಯಾಜ್ಯದ ತೊಟ್ಟಿಗೆ ಒಂದೆರಡು ಲೀಟರ್ ನೀರು, ಸೂಚಿಸಿದಷ್ಟು ಶೌಚ ದ್ರಾವಣ (ವಾಸನೆ ತಡೆಯುವ ದ್ರವ) ಹಾಕಿ. ಫಾರ್ಮಾಲ್ಡಿಹೈಡ್ ಇರುವ ದ್ರಾವಣ ಬೇಡ: ಸೆಪ್ಟಿಕ್ ಟ್ಯಾಂಕಿನಲ್ಲಿ ಕೆಲಸ ಮಾಡುವ ಬ್ಯಾಕ್ಟೀರಿಯಾಗಳನ್ನೇ ಅದು ಕೊಲ್ಲುತ್ತದೆ.

ಹಂತ 3: ಬಳಸಿ

ಬಿಸಿಲಿನಲ್ಲಿ ನಿಂತ ವ್ಯಾನಿನಲ್ಲೂ ಘಟ್ಟ ಹತ್ತಿದ ಮೇಲೂ ತೊಟ್ಟಿಯೊಳಗೆ ಒತ್ತಡ ಏರಿರುತ್ತದೆ. ಮುಚ್ಚಳ ಮುಚ್ಚಿಯೇ ಜಾರುಬಾಗಿಲನ್ನು ಒಂದು ಬೆರಳಿನಷ್ಟು ಸರಿಸಿ ಗಾಳಿ ಬಿಡಿ. ಆಮೇಲೆ ಕುಳಿತುಕೊಳ್ಳಿ. ಕೂಡಲೇ ಕರಗುವ ಕಾಗದವನ್ನೇ ಬಳಸಿ. ಒದ್ದೆ ವೈಪ್ಸ್ ಒಂದೂ ಒಳಗೆ ಹೋಗಬಾರದು.

ಹಂತ 4: ಖಾಲಿ ಮಾಡಿ

ಎಲ್ಲರೂ ಎಡವುವುದು ಇಲ್ಲಿಯೇ, ನಿಧಾನವಾಗಿ ಓದಿ. ತೊಟ್ಟಿ ಮುಕ್ಕಾಲು ತುಂಬಿದಾಗಲೇ ಹೊರಡಿ, ಅಂಚಿನವರೆಗೆ ಕಾಯಬೇಡಿ. ಜಾರುಬಾಗಿಲು ಪೂರ್ತಿ ಮುಚ್ಚಿದೆಯೇ ಎಂದು ಎರಡು ಬಾರಿ ನೋಡಿ, ಕೊಂಡಿ ಬಿಚ್ಚಿ ಮೇಲಿನ ಭಾಗವನ್ನು ತೆಗೆಯಿರಿ. ಕೈಗವಸು ಹಾಕಿ ತೊಟ್ಟಿಯನ್ನು ಓರೆಯಾಗದಂತೆ, ವ್ಯಾನ್ ತಂಗುದಾಣಗಳಲ್ಲಿ ಇದಕ್ಕೆಂದೇ ಇರುವ ತ್ಯಾಜ್ಯದ ಗುಂಡಿಯವರೆಗೆ ಒಯ್ಯಿರಿ.

ನೆಲಕ್ಕಿಟ್ಟು, ಸುರಿಯುವ ಕೊಳವೆಯನ್ನು ಹೊರಕ್ಕೆ ತಿರುಗಿಸಿ ಬಿರಡೆ ತೆಗೆಯಿರಿ. ಬಿರಡೆ ಜೇಬಿನಲ್ಲಿರಲಿ, ಗುಂಡಿಯ ಅಂಚಿನಲ್ಲಿಟ್ಟು ಕಳೆದುಕೊಂಡವರು ಬಹಳ. ಈಗ ಕೊಳವೆಯ ಬಾಯಿ ಗುಂಡಿಗೆ ತೀರ ಹತ್ತಿರವಾಗುವಂತೆ ಬಾಗಿಸಿ. ಬಾಯಿ ಕೆಳಮುಖವಾದ ಮೇಲೆಯೇ ಗಾಳಿಯ ಬಟನ್ ಒತ್ತಿ, ಸುರಿದು ಮುಗಿಯುವವರೆಗೆ ಬೆರಳು ತೆಗೆಯಬೇಡಿ. ಕಿರಿಬಾಯಿಯ ಹೂಜಿಯನ್ನು ಬೋರಲು ಹಾಕಿದರೆ ನೀರು ಗುಳುಗುಳು ಎನ್ನುತ್ತಾ ಚಿಮ್ಮುತ್ತದೆಯಲ್ಲ, ಬಟನ್ ಒತ್ತದ ತೊಟ್ಟಿಯೂ ಹಾಗೆಯೇ. ನೀರು ಹೋದ ಜಾಗಕ್ಕೆ ಗಾಳಿ ಅದೇ ಬಾಯಿಯಿಂದ ನುಗ್ಗಬೇಕಾಗುತ್ತದೆ. ಬಟನ್ ಒತ್ತಿದರೆ ಗಾಳಿಗೆ ಬೇರೆ ದಾರಿ ಸಿಗುತ್ತದೆ, ದ್ರವ ಒಂದೇ ಧಾರೆಯಾಗಿ ಇಳಿಯುತ್ತದೆ.

ಸ್ವಲ್ಪ ನೀರು ಹಾಕಿ, ಬಿರಡೆ ಮುಚ್ಚಿ ಕುಲುಕಿ, ಮತ್ತೆ ಸುರಿಯಿರಿ, ಎರಡು ಸಲ. ಕುಡಿಯುವ ನೀರಿನ ನಲ್ಲಿಯ ಬಳಿ ತೊಟ್ಟಿಯನ್ನು ಒಯ್ಯಲೇಬಾರದು. ಗುಂಡಿ ಸಿಗದಿದ್ದರೆ, ಮಾಲೀಕರ ಒಪ್ಪಿಗೆ ಪಡೆದು, ಫ್ಲಶ್ ಇರುವ ಶೌಚಾಲಯಕ್ಕೆ ಸ್ವಲ್ಪಸ್ವಲ್ಪವಾಗಿ ಸುರಿಯಬಹುದು. ಮಳೆನೀರಿನ ಚರಂಡಿ, ಪೊದೆ, ಹಳ್ಳ ಇವಾವುವೂ ಜಾಗವಲ್ಲ. ಚರಂಡಿಗೆ ಸುರಿದದ್ದು ಹೊಳೆಯನ್ನೇ ಸೇರುತ್ತದೆ, ಅದರ ಕೆಳಗಿನ ದಡದಲ್ಲಿ ಯಾರೋ ಸ್ನಾನ ಮಾಡುತ್ತಿರುತ್ತಾರೆ.

ಹಂತ 5: ಕಾಪಾಡಿ

ಬ್ಲೀಚ್ ಬೇಡವೇ ಬೇಡ. ಮೂತ್ರದ ಅಮೋನಿಯಾದೊಂದಿಗೆ ಸೇರಿ ಅದು ವಿಷಾನಿಲ ಹೊರಡಿಸುತ್ತದೆ, ರಬ್ಬರನ್ನೂ ಕೆಡಿಸುತ್ತದೆ. ಜಾರುಬಾಗಿಲಿನ ರಬ್ಬರಿಗೆ ಆಗಾಗ ಸಿಲಿಕೋನ್ ಎಣ್ಣೆ ಸವರಿ. ಪೆಟ್ರೋಲಿಯಂ ಜೆಲ್ಲಿ ರಬ್ಬರನ್ನು ಉಬ್ಬಿಸುತ್ತದೆ. ಪ್ರವಾಸ ಮುಗಿದಾಗ ತೊಟ್ಟಿಯನ್ನು ತೊಳೆದು ಒಣಗಿಸಿ, ಬಿರಡೆಯನ್ನು ಸಡಿಲವಾಗಿಟ್ಟು ಜಾರುಬಾಗಿಲನ್ನು ತೆರೆದಿಡಿ. ಮುಚ್ಚಿಟ್ಟರೆ ರಬ್ಬರು ಅಂಟಿಕೊಂಡು, ಮುಂದಿನ ಸಲ ಬಾಗಿಲು ಎಳೆದಾಗ ಹರಿದುಬರುತ್ತದೆ.